ಕೊಲಂಬೊದ ಎರಡು ನಲ್ಲಿ

ಪಾಲಿಬೆಟ್ಟ

ನಮ್ಮ ಕಡೆಯಿಂದ ಸಿಲೋನಿಗೆ ಹೋದವರು ಸೀರೆ ತಂದಿದ್ದಾರೆ, ಚಹಾಪುಡಿ ತಂದಿದ್ದಾರೆ, ಒಬ್ಬರು ಹೆಂಡತಿಯನ್ನೇ ಕರೆತಂದಿದ್ದಾರೆ. ನಾನು ತಂದದ್ದು ಮೊಳದುದ್ದದ ಒಂದು ಕಬ್ಬಿಣದ ತುಂಡು. ಅದು ಯಾಕೆ ಬೇಕಾಯಿತು ಎಂದು ಕೇಳಿದವರಿಗೆಲ್ಲ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ.

ನಾನು ಇಪ್ಪತ್ತು ವರ್ಷ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಪೆನ್ಷನ್ ಆದ ಮೇಲೆ ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನ ಡಿಸ್ಪೆನ್ಸರಿ ನೋಡಿಕೊಳ್ಳುತ್ತಿದ್ದೇನೆ. ಐದಕ್ಕೆ ಏಳುವುದು, ಐದೂವರೆಗೆ ಕಾಫಿ, ಆರಕ್ಕೆ ಡಿಸ್ಪೆನ್ಸರಿಯ ಬಾಗಿಲು ತೆಗೆಯುವುದು. ಕತ್ತಲಲ್ಲಿ ಕೈ ಹಾಕಿದರೂ ಕತ್ತರಿ ಸಿಗಬೇಕು ಎಂದು ಕಲಿಸಿದ ಮೇಟ್ರನ್ ಕೈಕೆಳಗೆ ಪಳಗಿದ್ದೇನೆ. ನನ್ನ ಡಿಸ್ಪೆನ್ಸರಿಯಲ್ಲಿ ಅಯೋಡಿನ್ ಇರುವ ಜಾಗದಲ್ಲಿ ಅಯೋಡಿನ್ನೇ ಇರುತ್ತದೆ. ಕೈ ತೊಳೆಯಲು ಎರಡು ಡ್ರಮ್ಮು, ಎರಡಕ್ಕೂ ಹಿತ್ತಾಳೆಯ ನಲ್ಲಿ. ಬಲಕ್ಕೆ ಬಿಸಿನೀರು, ಎಡಕ್ಕೆ ತಣ್ಣೀರು. ಹದಿನಾಲ್ಕು ವರ್ಷದಿಂದ ಅದು ಹಾಗೇ ಇದೆ.

ಎರಡು ವರ್ಷದ ಹಿಂದೆ ಎಸ್ಟೇಟಿಗೆ ಹೊಸ ಪಲ್ಪರ್ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅದು. ಮೇಲಿನ ಬಾಯಿಗೆ ಹಣ್ಣು ಸುರಿದರೆ ಒಳಗೆ ತಾಮ್ರದ ಹಾಳೆ ಸುತ್ತಿದ ಉರುಳೆ ತಿರುಗಿ, ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಬೀಳುತ್ತದೆ. ಎಂಜಿನ್ನಿನಿಂದ ಬೆಲ್ಟಿನ ಮೂಲಕ ಓಡುತ್ತದೆ. ಪಕ್ಕದಲ್ಲೊಂದು ಲಿವರ್ ಇದೆ, ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಅದೇ. ಕೊಲಂಬೊದ ಒಂದು ವರ್ಕ್‌ಷಾಪಿನವರು ಮಾಡಿದ್ದು. ಹಳೆಯದೂ ಅವರದೇ.

ಪಲ್ಪರ್ ಮನೆಯಲ್ಲಿ ಹನ್ನೆರಡು ವರ್ಷದಿಂದ ದ್ಯಾವಮ್ಮ ಕೆಲಸ ಮಾಡುತ್ತಿದ್ದಳು. ಹಾಸನದ ಕಡೆಯವಳು, ಗಂಡ ತೀರಿಕೊಂಡ ಮೇಲೂ ಆಳುಗಳ ಮನೆಸಾಲಾದ ಲೈನಿನಲ್ಲೇ ಉಳಿದವಳು. ಯಂತ್ರದ ಸದ್ದು ಕೇಳಿಯೇ ಹಣ್ಣಿನಲ್ಲಿ ಕಲ್ಲಿದೆ, ಕಾಯಿ ಜಾಸ್ತಿಯಾಯಿತು, ನೀರು ಸಾಲದು ಎಂದು ಹೇಳುವಳು. ಕಳೆದ ಸಲ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿನಲ್ಲಿ ಹೊಸ ಯಂತ್ರದ ಬಾಯಲ್ಲಿ ಒಂದು ಕಲ್ಲು ಸಿಕ್ಕಿತು. ಅವಳು ಲಿವರ್ ಎಳೆದು, ಎಡಗೈ ಹಾಕಿ ಕಲ್ಲು ತೆಗೆದಳು. ಕಲ್ಲು ಸಡಿಲಾದ ಕೂಡಲೇ ಉರುಳೆ ತಿರುಗಿತು. ಎರಡು ಬೆರಳಿನ ತುದಿ ಹೋಯಿತು.

ಹಳೆಯ ಯಂತ್ರದಲ್ಲಿ ಲಿವರನ್ನು ನಮ್ಮತ್ತ ಎಳೆದರೆ ನಿಲ್ಲುತ್ತಿತ್ತು. ಹೊಸದರಲ್ಲಿ ಆಚೆಗೆ ತಳ್ಳಿದರೆ ನಿಲ್ಲುತ್ತದೆ, ಎಳೆದರೆ ಓಡುತ್ತದೆ. ಕಲ್ಲು ಸಿಕ್ಕಿಕೊಂಡಿದ್ದರಿಂದ ಉರುಳೆ ತಿರುಗುತ್ತಿರಲಿಲ್ಲ, ಬೆಲ್ಟ್ ಜಾರುತ್ತಿತ್ತು, ಅಷ್ಟೆ. ಅವಳು ತಾನು ನಿಲ್ಲಿಸಿದ್ದೇನೆ ಎಂದುಕೊಂಡಳು.

ನಾನು ಬೆರಳು ಕಟ್ಟುತ್ತಿದ್ದಾಗ ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು. "ಸಿಸ್ಟ್ರವ್ವ, ಹಳೇದು ಎಳದ್ರೆ ನಿಲ್ತಿತ್ತು. ಇದ್ನ ಯಾಕ್ ತಿರುವಿದ್ರು?"

ಯಂತ್ರ ಬಂದ ದಿನವೇ ಎಲ್ಲರಿಗೂ ಹೇಳಿಕೊಟ್ಟಿದ್ದರಲ್ಲ, ಗಮನ ಎಲ್ಲಿತ್ತು ಎಂದು ನಾನು ಗದರಿದೆ. ಎಸ್ಟೇಟಿನ ಲೆಕ್ಕ-ಪತ್ರ ನೋಡುವ ರೈಟರ್ ರಿಪೋರ್ಟ್ ಬರೆದ. ಕಾರಣ ಎಂಬಲ್ಲಿ 'ಅಜಾಗರೂಕತೆ' ಎಂದು ಹಾಕಿದ. ನಾನು ಅದರ ಕೆಳಗೆ ಸಹಿ ಮಾಡಿದೆ. ಮರುವಾರ ಪೇಂಟರನ್ನು ಕರೆಸಿ 'ನಿಲ್ಲಿಸಲು ಲಿವರ್ ತಳ್ಳಿರಿ' ಎಂದು ಕೆಂಪಕ್ಷರದಲ್ಲಿ ಒಂದು ಬೋರ್ಡನ್ನೂ ಬರೆಸಿ ಯಂತ್ರದ ಮೇಲೆ ಹಾಕಿಸಿದೆ. ದ್ಯಾವಮ್ಮನನ್ನು ಕಳೆ ಕೀಳುವ ಗುಂಪಿಗೆ ಹಾಕಿದರು.

ಈ ವರ್ಷ ಎಸ್ಟೇಟಿನ ಸಾಹುಕಾರರಿಗೆ ಇನ್ನೂ ಎರಡು ಯಂತ್ರ ಬೇಕಾಯಿತು. ಅವರೇ ಕೊಲಂಬೊಗೆ ಹೋಗಬೇಕೆಂದಿದ್ದರು. ಹೊರಡುವ ಹೊತ್ತಿಗೆ ಕಾಲಿನ ಗಂಟು ಊದಿ ಮಲಗಿದರು. ಮೆಕ್ಯಾನಿಕ್ ಅಬ್ಬುವಿಗೆ ಇಂಗ್ಲಿಷ್ ಬಾರದು. "ನೀವೂ ಅವನ ಜೊತೆ ಹೋಗಿ ಬನ್ನಿ, ಸಿಸ್ಟರ್. ನೀವು ಹೋದ್ರೆ ಕಾಗದದಲ್ಲಿ ಬರೆದದ್ದು ಬರೆದ ಹಾಗೆ ಆಗ್ತದೆ" ಎಂದು ಆರ್ಡರ್ ಕಾಗದವನ್ನು ನನ್ನ ಕೈಗೆ ಕೊಟ್ಟರು. 'ಹಿಂದಿನಂಥದೇ ಎರಡು' ಎಂದು ಅದರಲ್ಲಿತ್ತು. ಹೊಸ ಯಂತ್ರಗಳಿಗೆ ಹೊರಗಿನಿಂದ ಗಂಡಾಳುಗಳನ್ನು ತರುವುದೆಂದೂ ತೀರ್ಮಾನವಾಗಿತ್ತು.

ಹೊರಡುವ ಹಿಂದಿನ ದಿನ ದ್ಯಾವಮ್ಮ ಡಿಸ್ಪೆನ್ಸರಿಯ ಮೆಟ್ಟಿಲ ಬಳಿ ನಿಂತಿದ್ದಳು.

"ಅದ್ನ ಮಾಡ್ದೋರ ಹತ್ರಕ್ಕೇ ಹೋಯ್ತಿದೀರಂತೆ."

"ಹೌದು."

"ಹಂಗಾದ್ರೆ ನಾನ್ ಕೇಳಿದ್ದ ಅವ್ರನ್ನೇ ಕೇಳ್ಕಂಡ್ ಬನ್ನಿ. ನಾನೇನೂ ಜಗಳಕ್ಕೆ ಕೇಳ್ತಿಲ್ಲ. ಕಳೆ ಕೀಳ್ತಾ ಕೂತ್ರೆ ಅದೇ ತಲೇಲಿ ಸುತ್ತತದೆ."

ಕೇಳುತ್ತೇನೆ ಎಂದೆ. ಅವಳು ಹೋಗಲೆಂದು ಹೇಳಿದ ಮಾತು ಅದು, ಒಪ್ಪಿಕೊಳ್ಳುತ್ತೇನೆ.

ಮಂಡಪಂ

ಅಬ್ಬುವಿನ ಜೊತೆ ಪ್ರಯಾಣ ಮಾಡುವುದೆಂದರೆ ಗಡಿಯಾರವಿಲ್ಲದ ಊರಿನಲ್ಲಿ ಬದುಕಿದ ಹಾಗೆ. ಮೈಸೂರಿನಲ್ಲಿ ರೈಲು ಹೊರಡಲು ಎರಡು ನಿಮಿಷ ಇರುವಾಗ ಬಾಳೆಹಣ್ಣು ತರಲು ಇಳಿದ. ತಿರುಚ್ಚಿಯಲ್ಲಿ ಬೇರೆ ರೈಲಿಗೆ ಹತ್ತಿ ಯಾರದೋ ಮದುವೆಯ ದಿಬ್ಬಣದ ನಡುವೆ ಕುಳಿತಿದ್ದವನನ್ನು ಕರೆತಂದೆ. ಅವರು ಅವನಿಗೆ ಊಟದ ಎಲೆಯನ್ನೂ ಹಾಕಿದ್ದರು.

ಸಿಲೋನಿಗೆ ಹೋಗುವವರ ಆರೋಗ್ಯ ಪರೀಕ್ಷೆ ಮಂಡಪಂನಲ್ಲಿ ನಡೆಯುತ್ತದೆ. ಮರಳು, ಬಿಸಿಲು, ಒಂದು ತಗಡಿನ ಶೆಡ್ಡು. ಶೆಡ್ಡಿನ ಕಿಟಕಿಯ ಎದುರು 'ಇಲ್ಲಿ ಸಾಲಾಗಿ ನಿಲ್ಲಿರಿ' ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಅಲ್ಲಿ ನಿಂತವರು ಯಾರೂ ಇಲ್ಲ. ಇಪ್ಪತ್ತು ಗಜ ದೂರದ ಒಂದು ಬೇವಿನ ಮರದ ಕೆಳಗೆ ಎಲ್ಲರೂ ಗುಂಪಾಗಿದ್ದರು. ಪೊಲೀಸಿನವನೊಬ್ಬ ಕೋಲು ಹಿಡಿದು ಅವರನ್ನು ಬೋರ್ಡಿನ ಹತ್ತಿರಕ್ಕೆ ಅಟ್ಟುವುದು, ಅವನು ತಿರುಗಿದ ಕೂಡಲೇ ಅವರು ಮರದ ಕೆಳಗೆ ಹೋಗುವುದು, ಹೀಗೆ ನಡೆದಿತ್ತು. ನನಗೆ ತಡೆಯಲಾಗಲಿಲ್ಲ. ನಾನೂ ಹೋಗಿ ಹೆಂಗಸರನ್ನು ಸಾಲು ಮಾಡಿ ನಿಲ್ಲಿಸಿದೆ. ಪೊಲೀಸಿನವನು ನನ್ನನ್ನು ಯಾರೋ ಅಧಿಕಾರಿ ಎಂದುಕೊಂಡು ಸಲಾಮು ಹೊಡೆದ. ಹತ್ತು ನಿಮಿಷದಲ್ಲಿ ನನ್ನ ಸಾಲೂ ಮರದ ಕೆಳಗೇ ಇತ್ತು.

ಅಬ್ಬು ಮರಕ್ಕೊರಗಿ ಕುಳಿತು ಹೇಳಿದ, "ಅಲ್ಲ ಸಿಸ್ಟರಮ್ಮ, ಆ ಕಿಟಕಿಯನ್ನ ಈ ಮರದ ಹತ್ರ ಇಟ್ಟಿದ್ರೆ ಆ ಪೊಲೀಸಿಗೆ ಮನೇಲಿ ನಿದ್ದೆ ಮಾಡ್ಬಹುದಿತ್ತು."

"ಶಿಸ್ತು ಅಂತ ಒಂದುಂಟು, ಅಬ್ಬು. ಅದಿರಲಿ, ನಿನ್ನ ಚುಚ್ಚುಮದ್ದಿನ ಕಾಗದ ಎಲ್ಲಿ?"

"ಟೋಪಿ ಒಳಗೆ."

"ಟೋಪಿ ಎಲ್ಲಿ?"

ಟೋಪಿ ಮದುವೆಯ ದಿಬ್ಬಣದವರ ಹತ್ತಿರ ಹೋಗಿತ್ತು. ಅವನಿಗೆ ಹೊಸದಾಗಿ ಚುಚ್ಚಿಸಿ, ಅಂದಿನ ಹಡಗು ತಪ್ಪಿಸಿಕೊಂಡು, ಮರುದಿನದ ಹಡಗು ಹಿಡಿದೆವು. ನನ್ನ ಪ್ರಯಾಣದ ಪಟ್ಟಿಯಲ್ಲಿ ಆ ದಿನಕ್ಕೆ ಜಾಗವಿರಲಿಲ್ಲ. ಬೇವಿನ ಮರದ ಕೆಳಗೆ ಕುಳಿತು ಕಳೆದೆ. ನೆರಳು ಚೆನ್ನಾಗಿತ್ತು.

ಸಮುದ್ರ

ಧನುಷ್ಕೋಡಿಯಿಂದ ತಲೈಮನ್ನಾರಿಗೆ ಕೆಲವೇ ಗಂಟೆಯ ಹಾದಿ. ಅಷ್ಟರಲ್ಲೇ ಅಬ್ಬು ಎರಡು ಸಲ ವಾಂತಿ ಮಾಡಿಕೊಂಡು, ಮೂರು ಜನ ಸ್ನೇಹಿತರನ್ನು ಸಂಪಾದಿಸಿದ. ಆಚೆ ದಡ ಮುಟ್ಟಿದಾಗ ಅದೇ ಮರಳು, ಅದೇ ತಾಳೆಮರ. ಪರದೇಶ ಎಂದು ಹೇಳಲು ಪಾಸ್‌ಪೋರ್ಟಿನ ಮೇಲೆ ಬಿದ್ದ ಮುದ್ರೆ ಬಿಟ್ಟರೆ ಏನೂ ಕಾಣಲಿಲ್ಲ. ಮುದ್ರೆ ಒತ್ತಿದವನು ನಮ್ಮ ಊರಿನ ಹೆಸರನ್ನು ಎರಡು ಸಲ ಓದಿ, "ಕೂರ್ಗ್ ಎಂದರೆ ಕಿತ್ತಳೆ ಬೆಳೆಯುವ ಜಾಗವೇ?" ಎಂದು ಕೇಳಿದ. ನಮ್ಮ ಕಾಫಿಯ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಅವರದು ಚಹಾದ ದೇಶ. ಕಾಫಿಗೆ ರೋಗ ಬಂದು ಹೋದ ಮೇಲೆ ಚಹಾ ಹಾಕಿದರಂತೆ. ಆದರೆ ಕಾಫಿಯ ಯಂತ್ರ ಮಾಡುವುದನ್ನು ಮಾತ್ರ ಬಿಟ್ಟಿಲ್ಲ.

ಕೊಲಂಬೊ

ಕೊಲಂಬೊದಲ್ಲಿ ಎಲ್ಲರ ಕೈಯಲ್ಲೂ ಕೊಡೆ. ಮಳೆಗಲ್ಲ, ಬಿಸಿಲಿಗೆ. ನಮ್ಮಲ್ಲಿ ಕೊಡೆ ಬಿಡಿಸಿದರೆ ಮಳೆಯ ಸದ್ದಿಗೆ ಮಾತು ಕೇಳದು. ಅಲ್ಲಿ ಕೊಡೆಯ ಕೆಳಗೆ ನಿಂತೇ ಊರಿನ ಸುದ್ದಿ ಮುಗಿಸುತ್ತಾರೆ. ಬಸ್ಸಿಗೆ ಸಾಲಾಗಿ ನಿಲ್ಲುತ್ತಾರೆ, ಯಾರೂ ಕೋಲು ಹಿಡಿದಿರುವುದಿಲ್ಲ. ಬಸ್ ನಿಲ್ಲುವ ಜಾಗಕ್ಕೆ ಚಾವಣಿ ಇತ್ತು ಎಂಬುದನ್ನು ಅಬ್ಬು ನನಗೆ ಮೂರು ಸಲ ತೋರಿಸಿದ.

ನಾವು ಇಳಿದುಕೊಂಡದ್ದು ಮಿಸೆಸ್ ಪೆರೇರ ಎಂಬ ಮುದುಕಿಯ ಮನೆಯಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನ ಭುಜದಷ್ಟು ಎತ್ತರ. ಬಾಡಿಗೆಗೆ ನಾಲ್ಕು ಕೋಣೆ ಇಟ್ಟಿದ್ದರು. ಸಂಜೆ ಅವರು ಬಡಿಸಿದ ತಿಂಡಿ ನೋಡಿ ನನಗೆ ಮನೆಗೇ ಬಂದ ಹಾಗಾಯಿತು. ಅದು ನಮ್ಮ ನೂಪುಟ್ಟು. ಅಕ್ಕಿಹಿಟ್ಟಿನ ಎಳೆ, ಜೊತೆಗೆ ತೆಂಗಿನ ಹಾಲಿನ ಸಾರು. ನಮ್ಮಲ್ಲಿ ಅದನ್ನು ಒತ್ತುವುದೆಂದರೆ ಮನೆಯ ಗಟ್ಟಿ ಆಳು ಬೇಕು. ಇವರು ಒಬ್ಬರೇ ಅಂಗೈಯಗಲದ ಮರದ ಅಚ್ಚು ಹಿಡಿದು ಹೂವು ಕಟ್ಟಿದಷ್ಟು ಸಲೀಸಾಗಿ ಒತ್ತುತ್ತಿದ್ದರು. ನಾನು ಕೈಗೆ ತೆಗೆದುಕೊಂಡು ಒತ್ತಿದೆ. ಆಗಲಿಲ್ಲ. ಹಿಡಿ ನನ್ನ ಬೆರಳಿಗೆ ಸಣ್ಣದು.

"ಅದು ನಿಮಗೆ ಬಗ್ಗುವುದಿಲ್ಲ" ಎಂದರು ಇಂಗ್ಲಿಷಿನಲ್ಲಿ. "ಬಡಗಿ ನನ್ನ ಕೈ ಅಳೆದುಕೊಂಡು ಹೋಗಿ ಮಾಡಿದ್ದು. ನನ್ನ ಸೊಸೆಯದು ಬೇರೆ ಇದೆ, ಅವಳ ಕೈ ಉದ್ದ."

ಅಡುಗೆಮನೆಯ ಅಚ್ಚಿಗೆ ಇಷ್ಟೊಂದು ಉಪಚಾರವೇ ಎಂದು ಮನಸ್ಸಿನಲ್ಲೇ ನಕ್ಕೆ.

ಮರುದಿನ ಎಂದಿನಂತೆ ಐದಕ್ಕೆ ಎದ್ದೆ. ಮಿಸೆಸ್ ಪೆರೇರ ಅವರ ಬಚ್ಚಲುಮನೆಯಲ್ಲಿ ಒಂದು ಬಾಯ್ಲರ್ ಇತ್ತು. ಅದು ಅವರ ಹೆಮ್ಮೆ. ಕೆಲಸದವಳು ನಾಲ್ಕೂವರೆಗೇ ಬೆಂಕಿ ಹಾಕಿರುತ್ತಾಳೆ. ತೊಟ್ಟಿಯ ಮೇಲೆ ಎರಡು ನಲ್ಲಿ, ಎರಡರ ಮೇಲೂ ಪಿಂಗಾಣಿಯ ಬಿಲ್ಲೆ, ಬಿಲ್ಲೆಯಲ್ಲಿ ಇಂಗ್ಲಿಷ್ ಅಕ್ಷರ. ನಾನು ಅಕ್ಷರ ನೋಡಿದೆ. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು. ನೋಡಿ, ತಿಳಿದುಕೊಂಡು, ಮುಖಕ್ಕೆ ಸಾಬೂನು ಹಚ್ಚಿದೆ. ಕಣ್ಣು ಉರಿಯಿತು. ತಣ್ಣೀರಿಗೆಂದು ಎಡಗೈ ಚಾಚಿ ಎಡಗಡೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಕೈ ಒಡ್ಡಿದೆ.

ಕೂಗಿಕೊಂಡೆನೋ ಇಲ್ಲವೋ ನೆನಪಿಲ್ಲ. ಬಾಗಿಲ ಹೊರಗೆ ಮಿಸೆಸ್ ಪೆರೇರ, ಅವರ ಕೆಲಸದವಳು, ಅಬ್ಬು ಮೂವರೂ ನಿಂತಿದ್ದರು ಎಂಬುದರಿಂದ ಕೂಗಿರಬೇಕು. ಎಡಗೈಯ ಹಿಂಭಾಗ ಮಣಿಕಟ್ಟಿನವರೆಗೆ ಕೆಂಪಾಗಿ ಬೊಬ್ಬೆ ಎದ್ದಿತ್ತು. ನನ್ನ ಪೆಟ್ಟಿಗೆಯಲ್ಲಿದ್ದ ಬ್ಯಾಂಡೇಜನ್ನು ನಾನೇ ಕಟ್ಟಿಕೊಂಡೆ.

"ಪಾಪ" ಎಂದರು ಮಿಸೆಸ್ ಪೆರೇರ. "ಬಂದವರಲ್ಲಿ ಅರ್ಧ ಜನ ಹೀಗೇ ಮಾಡಿಕೊಳ್ಳುತ್ತಾರೆ."

"ಹಾಗಾದರೆ ಅದನ್ನು ಬದಲಾಯಿಸಬಾರದೇ?"

"ಯಾಕೆ? ನನಗೆ ಸರಿಯಾಗಿಯೇ ಇದೆಯಲ್ಲ" ಎಂದರು. ಅವರ ಮುಖದಲ್ಲಿ ಕಪಟ ಸ್ವಲ್ಪವೂ ಇರಲಿಲ್ಲ.

ಅಬ್ಬು ನನ್ನ ಕೈ ನೋಡಿ ತಲೆಯಾಡಿಸಿದ. "ಅಕ್ಷರ ಬರ್ದಿತ್ತಲ್ಲ, ಸಿಸ್ಟರಮ್ಮ. ನಿಮಗೆ ಓದ್ಲಿಕ್ಕೆ ಬರ್ತದೆ."

"ನನಗೆ ಬರ್ತದೆ ಅಬ್ಬು. ಕೈಗೆ ಬರೋದಿಲ್ಲ."

ಹೇಳಿದ ಮೇಲೆ ನಾನೇ ಆ ಮಾತನ್ನು ಕೇಳಿಸಿಕೊಂಡೆ. ಹದಿನಾಲ್ಕು ವರ್ಷ ತಣ್ಣೀರಿಗೆ ಎಡಕ್ಕೆ ಹೋದ ಕೈ ಅಂದೂ ಎಡಕ್ಕೇ ಹೋಯಿತು. ಶಿಸ್ತಿಲ್ಲದ ಕೈ ಆಗಿದ್ದರೆ ಒಂದು ಕ್ಷಣ ತಡವರಿಸುತ್ತಿತ್ತು, ಅಷ್ಟರಲ್ಲಿ ನೆನಪಾಗುತ್ತಿತ್ತು. ನನ್ನದು ಪಳಗಿದ ಕೈ, ತಡವರಿಸಲಿಲ್ಲ. ದ್ಯಾವಮ್ಮನದು ಹನ್ನೆರಡು ವರ್ಷ ಪಳಗಿದ ಕೈ. ಅವಳಿಗೆ ಯಂತ್ರ ಬಂದ ದಿನ ಒಮ್ಮೆ ಹೇಳಿಕೊಟ್ಟಿದ್ದರು. ನನಗೆ ಅಕ್ಷರ ಓದಿ ಎರಡು ನಿಮಿಷವೂ ಆಗಿರಲಿಲ್ಲ.

ಅಂದು ಹತ್ತು ಗಂಟೆಗೆ ವರ್ಕ್‌ಷಾಪಿಗೆ ಹೋಗುವುದೆಂದಿತ್ತು. ಹೋಗಲಿಲ್ಲ. ಅಂಚೆ ಕಚೇರಿಗೆ ಹೋಗಿ ಸಾಹುಕಾರರಿಗೆ ತಂತಿ ಕೊಟ್ಟೆ. ಲಿವರ್ ಹಳೆಯ ಹಾಗೆ ತಿರುಗಿಸಿ ಕೊಟ್ಟರೆ ಮಾತ್ರ ಆರ್ಡರ್ ಕೊಡುವೆ, ಅಪ್ಪಣೆ ಬೇಕು ಎಂದು ಬರೆದೆ. ಕೈಗೆ ಕೊಟ್ಟ ಆರ್ಡರಿನ ಮೇಲೆ ನನ್ನ ಮಾತು ಸೇರಿಸಿದ್ದು ಇಡೀ ನೌಕರಿಯಲ್ಲಿ ಅದೇ ಮೊದಲು. ಉತ್ತರ ಬರುವವರೆಗೆ ಎರಡು ದಿನ ಸಮುದ್ರದ ಕಟ್ಟೆಯ ಮೇಲೆ ಕುಳಿತು ಗಾಳಿಪಟ ಹಾರಿಸುವವರನ್ನು ನೋಡಿದೆವು. ಅಲ್ಲಿ ಮಕ್ಕಳಲ್ಲ, ಕೋಟು ಹಾಕಿದ ದೊಡ್ಡ ಗಂಡಸರೇ ಹಾರಿಸುತ್ತಾರೆ. ನನಗೆ ಅದನ್ನು ನೋಡುವುದು ಇಷ್ಟವಾಯಿತು ಎಂದು ಬರೆಯಲು ಸ್ವಲ್ಪ ನಾಚಿಕೆ. ಮೂರನೆಯ ಬೆಳಿಗ್ಗೆ ತಂತಿ ಬಂತು. 'ಸರಿ. ಬೇಗ ಬನ್ನಿ. ಇಲ್ಲಿ ಎಲ್ಲರಿಗೂ ಜ್ವರ.'

ವರ್ಕ್‌ಷಾಪ್

ವರ್ಕ್‌ಷಾಪಿನ ಮ್ಯಾನೇಜರ್ ಇಂಗ್ಲೆಂಡಿನವರು. ತೆಳ್ಳಗಿನ, ಮರ್ಯಾದೆಯ ಮನುಷ್ಯ. ಮೇಜಿನ ಮೇಲೆ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟಿದ್ದರು. ನೋಡಿದ ಕೂಡಲೇ ನನಗೆ ಮೆಚ್ಚಿಕೆಯಾಯಿತು. ಅವರಿಗೆ ದ್ಯಾವಮ್ಮನ ವಿಷಯ ಹೇಳಿದೆ. ಎರಡು ಬೆರಳು ಎಂದಾಗ ಕನ್ನಡಕ ತೆಗೆದು ಕೆಳಗಿಟ್ಟರು.

"ನನಗೆ ಬೇಸರವಾಗಿದೆ. ಆದರೆ ಕೆಲಸದವರನ್ನು ಸರಿಯಾಗಿ ತರಬೇತು ಮಾಡಬೇಕು. ಈ ಮಾದರಿಯನ್ನು ಎಷ್ಟೋ ತೋಟಗಳಿಗೆ ಕಳಿಸಿದ್ದೇವೆ. ಒಂದು ದೂರೂ ಬಂದಿಲ್ಲ."

"ಬರುವುದಿಲ್ಲ" ಎಂದೆ. "ದೂರು ಬರೆಯಬೇಕಾದವರು ನನ್ನಂಥವರು. ನಾವು ಅಜಾಗರೂಕತೆ ಎಂದು ಬರೆದು ಕಡತ ಕಟ್ಟಿಡುತ್ತೇವೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನನ್ನ ಕೈಯ ಬ್ಯಾಂಡೇಜನ್ನು ನೋಡಿದರು. ಎದ್ದು ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಯಂತ್ರ ಜೋಡಿಸುವ ಕಡೆ ಮುತ್ತಯ್ಯ ಎಂಬ ಹಿರಿಯ ಫೋರ್‌ಮನ್ ಇದ್ದ. ತಮಿಳಿನವ. ಅಬ್ಬುವೂ ಅವನೂ ಐದು ನಿಮಿಷದಲ್ಲಿ ಅಣ್ಣತಮ್ಮಂದಿರಾಗಿದ್ದರು. ಹೊಸ ಮಾದರಿಯ ಯಂತ್ರಗಳನ್ನು ದಿನವೂ ಓಡಿಸಿ ಪರೀಕ್ಷೆ ಮಾಡುವವನು ಅವನೇ. ಆ ಲಿವರನ್ನು ಅವನಷ್ಟು ಸಲ ತಳ್ಳಿದವರು ಇನ್ನಾರೂ ಇರಲಾರರು.

"ನನ್ನದೊಂದು ಕೋರಿಕೆ" ಎಂದು ಮ್ಯಾನೇಜರಿಗೆ ಹೇಳಿದೆ. "ಎಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿಡಿ. ಯಾರಿಗೂ ಗಾಯವಾಗಬಾರದು. ಲಿವರನ್ನು ಹಳೆಯ ಹಾಗೆ, ಎಳೆದರೆ ನಿಲ್ಲುವಂತೆ ತಿರುಗಿಸಿ ಕೂರಿಸಲು ಬರುತ್ತದೆಯೇ?"

ಮುತ್ತಯ್ಯ ಒಳಗಿನಿಂದ, ಲಿವರನ್ನು ಯಂತ್ರಕ್ಕೆ ಸೇರಿಸುವ ಹಳೆಯ ಮಾದರಿಯ ಒಂದು ಕೊಂಡಿ ತಂದ. ಮೊಳದುದ್ದದ ಕಬ್ಬಿಣ, ಎರಡು ತುದಿಯಲ್ಲೂ ತೂತು. ನಾಲ್ಕು ಬೋಲ್ಟ್ ಬಿಚ್ಚಿ, ಅದನ್ನು ಹಾಕಿ, ಮತ್ತೆ ಬಿಗಿದ. ಲಿವರನ್ನು ತಾನೇ ತಿರುಗಿಸಿ ಕೂರಿಸಿದ್ದು, ಗೊತ್ತಿಲ್ಲ ಎಂದು ಅವನು ಹೇಳುವಂತಿಲ್ಲ. ಅಬ್ಬು ಚಕ್ರವನ್ನು ಕೈಯಿಂದ ತಿರುಗಿಸಿದ. ಪರೀಕ್ಷೆಗೆಂದು ಇಟ್ಟಿದ್ದ ಒಣ ಬಟಾಣಿಯನ್ನು ಮುತ್ತಯ್ಯ ಯಂತ್ರದ ಬಾಯಿಗೆ ಸುರಿಯತೊಡಗಿದ.

"ನಿಲ್ಲಿಸು" ಎಂದೆ. ಅವನು ಸರಿಯಾಗಿ ಎಳೆದ. ಮ್ಯಾನೇಜರ್ ನನ್ನತ್ತ ನೋಡಿದರು.

"ಇನ್ನೊಮ್ಮೆ. ಮುತ್ತಯ್ಯ, ಮಕ್ಕಳೆಷ್ಟು?" ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ.

ನಾಲ್ಕು ಎಂದ. ಹಿರಿಯವಳಿಗೆ ಮದುವೆ ಗೊತ್ತಾಗಿದೆ ಎಂದ. ಹುಡುಗ ಎಲ್ಲಿಯವನು ಎಂದು ಅಬ್ಬು ಕೇಳಿದ. ಜಾಫ್ನಾ ಎಂದ. ಅಡುಗೆಗೆ ಯಾರನ್ನು ಕರೆಸಿದ್ದೀರಿ ಎಂದು ಅಬ್ಬು ಕೇಳಿದ. ಮುತ್ತಯ್ಯ ಬಟಾಣಿ ಸುರಿಯುತ್ತ, ಅಡುಗೆಯವರ ಮೇಲೆ ಬಹಳ ದಿನದಿಂದ ಇಟ್ಟುಕೊಂಡಿದ್ದ ಸಿಟ್ಟನ್ನು ಹೊರಹಾಕತೊಡಗಿದ. ಆಗ ನಾನು ಅಂಗೈಯಿಂದ ಯಂತ್ರದ ತಗಡಿಗೆ ಬಲವಾಗಿ ಬಡಿದೆ. "ಕಲ್ಲು, ನಿಲ್ಲಿಸು."

ಅವನ ಕೈ ಲಿವರನ್ನು ಆಚೆಗೆ ತಳ್ಳಿತು. ಇನ್ನೊಂದು ಕೈ ಆಗಲೇ ಯಂತ್ರದ ಬಾಯಲ್ಲಿತ್ತು.

ಅಬ್ಬು ಚಕ್ರ ಬಿಟ್ಟುಬಿಟ್ಟ. ಮುತ್ತಯ್ಯ ತನ್ನ ಕೈಯನ್ನು ಹೊರಗೆ ತೆಗೆದು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ. ಮತ್ತೆರಡು ಸಲ ಮಾಡಿದೆವು. ಒಂದು ಸಲ ಸರಿ, ಒಂದು ಸಲ ತಪ್ಪು. ಅವನಿಗೆ ನಗು ಬಂತು, ನಗುವಿನ ಹಿಂದೆ ಬೆವರೂ ಬಂತು.

ಮ್ಯಾನೇಜರ್ ಲಿವರಿನ ಮೇಲೆ ಕೈಯಿಟ್ಟು, ಒಮ್ಮೆ ಎಳೆದು, ಒಮ್ಮೆ ತಳ್ಳಿ ನೋಡಿದರು.

"ಇದನ್ನು ಯಾಕೆ ತಿರುಗಿಸಿದಿರಿ?" ಎಂದು ಕೇಳಿದೆ. ಅದು ನನ್ನ ಪ್ರಶ್ನೆಯಲ್ಲ, ದ್ಯಾವಮ್ಮನದು. ನಾನು ಹೊತ್ತು ತಂದದ್ದು ಅಷ್ಟೆ.

ಅವರಿಗೆ ಗೊತ್ತಿರಲಿಲ್ಲ. ನಕ್ಷೆ ಬರೆಯುವ ಕೋಣೆಗೆ ಹೋಗಿ ಕೇಳಿಕೊಂಡು ಬಂದರು. ಹೊಸ ಮಾದರಿಯಲ್ಲಿ ಬೆಲ್ಟ್ ಸುತ್ತುವ ಗಾಲಿಯ, ಅಂದರೆ ಪುಲ್ಲಿಯ ಜಾಗ ಬದಲಾಗಿತ್ತಂತೆ. ಲಿವರನ್ನು ಹೀಗೆ ತಿರುಗಿಸಿದರೆ ನಡುವಿನ ಕೊಂಡಿ ಗಿಡ್ಡದಾದರೂ ಸಾಕಾಗುತ್ತಿತ್ತಂತೆ. ಬೇರೆ ಕಾರಣವಿಲ್ಲ.

"ನಕ್ಷೆ ಬರೆದವನು ಒಳ್ಳೆಯ ಕೆಲಸಗಾರ" ಎಂದರು ಮೆಲ್ಲಗೆ. "ಅವನು ಪಲ್ಪರ್ ಮನೆ ನೋಡಿಲ್ಲ."

"ನಾನು ದಿನಾ ನೋಡುತ್ತಿದ್ದೆ" ಎಂದೆ. ಆ ಮಾತು ನನಗೆ ನಾನೇ ಹೇಳಿಕೊಂಡದ್ದು.

ಆರ್ಡರಿನ ಕಾಗದದ ಕೆಳಗೆ ಒಂದು ಸಾಲು ಬರೆದು ಕೊಟ್ಟೆ. ಲಿವರ್ ಎಳೆದರೆ ನಿಲ್ಲತಕ್ಕದ್ದು. ಮ್ಯಾನೇಜರ್ ಅದರ ಪಕ್ಕದಲ್ಲಿ ಸಹಿ ಮಾಡಿದರು. ನಮ್ಮಲ್ಲಿರುವ ಯಂತ್ರಕ್ಕೆಂದು ಆ ಹಳೆಯ ಕೊಂಡಿಯನ್ನು ಮುತ್ತಯ್ಯ ಗೋಣಿಯಲ್ಲಿ ಸುತ್ತಿ ಅಬ್ಬುವಿನ ಕೈಗೆ ಕೊಟ್ಟ. ಹೊಸ ಮಾದರಿ ತೆಗೆದುಕೊಂಡ ಉಳಿದ ತೋಟಗಳಿಗೂ ಕಾಗದ ಬರೆಯುತ್ತೇವೆ ಎಂದು ಮ್ಯಾನೇಜರ್ ಹೇಳಿದರು. ಬರೆದರೋ ಇಲ್ಲವೋ ನನಗೆ ತಿಳಿಯದು. ಪೆನ್ಸಿಲನ್ನು ಹಾಗೆ ಜೋಡಿಸಿಡುವವರು ಬರೆದಿರುತ್ತಾರೆ ಎಂದು ನಂಬಿದ್ದೇನೆ.

ಹೊರಡುವ ದಿನ ಮಿಸೆಸ್ ಪೆರೇರ ಅವರ ಬಿಸಿನೀರಿನ ನಲ್ಲಿಗೆ ನನ್ನ ಬ್ಯಾಂಡೇಜಿನ ಒಂದು ಪಟ್ಟಿಯನ್ನು ದಪ್ಪಗೆ ಸುತ್ತಿ ಕಟ್ಟಿದೆ. ಕಣ್ಣು ಮುಚ್ಚಿ ಮುಟ್ಟಿದರೂ ಬಟ್ಟೆ ಸಿಗಬೇಕು. ಅವರು ಅದನ್ನು ನೋಡಿ, "ಚೆಂದ ಕಾಣುವುದಿಲ್ಲ" ಎಂದರು. ಆದರೆ ಬಿಚ್ಚಲಿಲ್ಲ.

ಮರಳಿ ಧನುಷ್ಕೋಡಿ

ಸುಂಕದವರು ಗೋಣಿ ಬಿಚ್ಚಿಸಿದರು. ಸೀರೆಯಿಲ್ಲ, ಗಡಿಯಾರವಿಲ್ಲ, ಲವಂಗವಿಲ್ಲ, ತೂತಿರುವ ಒಂದು ಕಬ್ಬಿಣ. ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತೂತಿನ ಮೂಲಕ ಸಮುದ್ರವನ್ನೂ ನೋಡಿ, "ಇದು ಏನು?" ಎಂದು ಕೇಳಿದ.

ಅಬ್ಬು ಉತ್ತರ ಕೊಟ್ಟ. "ಸಾರ್, ಇದು ಎಳೆದ್ರೆ ನಿಲ್ತದೆ."

ಆ ಉತ್ತರದಿಂದ ಮೂರು ಗಂಟೆ ಅಲ್ಲೇ ಕೂರಬೇಕಾಯಿತು.

ಮತ್ತೆ ಪಾಲಿಬೆಟ್ಟ

ಬೊಬ್ಬೆ ಇನ್ನೂ ಪೂರ್ತಿ ಮಾಗಿರಲಿಲ್ಲ. ಬಂದ ಮರುದಿನ ಆರಕ್ಕೆ ಬಾಗಿಲು ತೆಗೆದಾಗ ದ್ಯಾವಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ನನ್ನ ಎಡಗೈ ನೋಡಿದಳು. ತನ್ನ ಎಡಗೈಯನ್ನು ಸೆರಗಿನೊಳಗಿಂದ ತೆಗೆದಳು.

"ಏನಾಯ್ತು ಸಿಸ್ಟ್ರವ್ವ?"

"ಬಿಸಿನೀರು ಬಿತ್ತು. ನಲ್ಲಿ ಅದಲುಬದಲಾಗಿತ್ತು."

ಅವಳು ಬಹಳ ಮರ್ಯಾದೆಯಿಂದ ಕೇಳಿದಳು, "ರೈಟ್ರು ಏನಂತ ಬರಕಂಡ್ರು? ಅಜಾಗರೂಕತೆ ಅಂತಾನಾ?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಡಿಸ್ಪೆನ್ಸರಿಯ ಸಮಯದಲ್ಲಿ ನಾನು ಮೆಟ್ಟಿಲ ಮೇಲೆ ಕುಳಿತದ್ದನ್ನು ಲೈನಿನವರು ಅಂದೇ ಮೊದಲು ನೋಡಿದ್ದು.

"ನಿನ್ನ ಪ್ರಶ್ನೆ ಕೇಳಿಕೊಂಡು ಬಂದೆ. ಒಂದು ಕೊಂಡಿ ಗಿಡ್ಡವಾಗ್ತದೆ ಅಂತ ತಿರುಗಿಸಿದರಂತೆ."

"ಅಷ್ಟಕ್ಕಾ?"

"ಅಷ್ಟಕ್ಕೇ."

ಅವಳು ತನ್ನ ಎರಡು ಬೆರಳುಗಳನ್ನು ನೋಡಿಕೊಂಡಳು. "ಎಷ್ಟು ಗಿಡ್ಡಾಯ್ತದಂತೆ?"

ನಾನು ಅಳತೆ ತೋರಿಸಿದೆ. ಒಂದು ಗೇಣೂ ಇಲ್ಲ. ಅವಳು ತಲೆಯಾಡಿಸಿದಳು. ಯಾರನ್ನೂ ಬೈಯಲಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ನಿಂತಿತು ಎಂದು ಕಾಣುತ್ತದೆ.

ಅಂದೇ ಸಾಹುಕಾರರ ಹತ್ತಿರ ಹೋದೆ. ಹಳೆಯ ರಿಪೋರ್ಟ್ ತರಿಸಿ, ರೈಟರ್ ಎದುರಿಗೇ 'ಅಜಾಗರೂಕತೆ'ಯನ್ನು ಹೊಡೆದು, 'ಲಿವರ್ ಹಳೆಯದಕ್ಕೆ ವಿರುದ್ಧವಾಗಿತ್ತು' ಎಂದು ಬರೆದು ಸಹಿ ಹಾಕಿದೆ. "ಇಷ್ಟು ದಿನವಾದ ಮೇಲೆ ತಿದ್ದಲಿಕ್ಕೆ ಉಂಟಾ, ಸಿಸ್ಟರ್?" ಎಂದ ರೈಟರ್. ನನ್ನ ಸಹಿ, ನಾನು ತಿದ್ದುತ್ತೇನೆ ಎಂದೆ. ಹೊರಗಿನಿಂದ ಆಳು ತರುವುದು ಬೇಡ, ಸದ್ದು ಕೇಳಿ ಕಲ್ಲು ಹೇಳುವವಳು ಕಳೆ ಕೀಳುತ್ತಿದ್ದಾಳೆ ಎಂದು ಸಾಹುಕಾರರಿಗೆ ಹೇಳಿದೆ. ಅವರು ತಮ್ಮ ಊದಿದ ಕಾಲನ್ನು ನೋಡುತ್ತ, "ನಿಮ್ಮನ್ನ ಇನ್ನು ಹೊರದೇಶಕ್ಕೆ ಕಳಿಸಬಾರದು" ಎಂದರು. ಅದು ಒಪ್ಪಿಗೆ.

ಅಬ್ಬು ಕೊಂಡಿ ಹಾಕಿ ನಾಲ್ಕು ಬೋಲ್ಟ್ ಬಿಗಿದ. ನನ್ನ ಕೆಂಪು ಬೋರ್ಡನ್ನು ನಾನೇ ಇಳಿಸಿದೆ. ಈಗ ಅದು ಡಿಸ್ಪೆನ್ಸರಿಯ ಹಿಂದೆ ಸೌದೆ ನೆನೆಯದಂತೆ ಮುಚ್ಚಲು ಉಪಯೋಗವಾಗುತ್ತಿದೆ.

ಪಿಕ್ಕಿಂಗ್ ಶುರುವಾದ ಮೊದಲನೆಯ ದಿನ ಪಲ್ಪರ್ ಮನೆಗೆ ಹೋದೆ. ದ್ಯಾವಮ್ಮ ಯಂತ್ರದ ಹತ್ತಿರ ನಿಂತಿದ್ದಳು. ಮೊಣಕೈವರೆಗೆ ಹಣ್ಣಿನ ರಸ, ಕಾಲ ಬಳಿ ನೀರು ಹರಿಯುತ್ತಿತ್ತು. ಕೊಲಂಬೊದಲ್ಲಿ ಗಂಡಸರು ತಲೆಗೆ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಾರೆ ಎಂದು ಅಬ್ಬು ಹೇಳಿದ್ದು ನಿಜವೇ ಎಂದು ಕೇಳಿದಳು. ಕೆಲವು ಮುದುಕರು ಮಾತ್ರ ಎಂದೆ. ಬಾಚಣಿಗೆ ಹಿಂದಕ್ಕೋ ಮುಂದಕ್ಕೋ ಎಂದು ಕೇಳಿದಳು. ನಾನು ತೋರಿಸುತ್ತಿದ್ದೆ. ಯಂತ್ರದಲ್ಲಿ ನನ್ನ ಕಿವಿಗೆ ಬೀಳದ ಯಾವುದೋ ಸದ್ದು ಅವಳಿಗೆ ಕೇಳಿಸಿತು. ಲಿವರನ್ನು ಎಳೆ‌ದಳು. ಉರುಳೆ ನಿಂತಿತು. ಕೈ ಹಾಕಿ, ಬೆರಳುಗುರಿನಷ್ಟು ದೊಡ್ಡ ಕಲ್ಲು ತೆಗೆದು ಹಿಂದಕ್ಕೆ ಎಸೆದಳು.

ಎಳೆಯುವಾಗ ಅವಳು ಲಿವರಿನ ಕಡೆ ನೋಡಲೇ ಇಲ್ಲ. ನನ್ನ ತಲೆಯನ್ನೇ ನೋಡುತ್ತಿದ್ದಳು, ಬಾಚಣಿಗೆ ಎಲ್ಲಿ ಸಿಕ್ಕಿಸುತ್ತಾರೆ ಎಂದು.